ನಾಲ್ಕಾಣೆ ನಮ್ಮದು, ಹನ್ನೆರಡಾಣೆ ಯಾರದು?

ನಮ್ಮೂರ ದೊಡ್ಡ ರಸ್ತೆಯಿಂದ ಕೇರಿಗೆ ತಿರುಗುವ ಕಡೆ ಒಂದು ಕಂಬ ಇದೆ. ಕಂಬಕ್ಕೆ ದೀಪವಿಲ್ಲ. ರಾತ್ರಿ ಗಾರ್ಮೆಂಟ್ಸ್ ಬಸ್ಸಿಳಿದು ಬರುವ ಹೆಣ್ಣುಮಕ್ಕಳು ಮೊಬೈಲ್ ಬೆಳಕು ಹಿಡಿದುಕೊಂಡು ಅಲ್ಲಿಂದ ಕೇರಿವರೆಗೂ ನಡೀಬೇಕು. ಹೋದ ಗ್ರಾಮಸಭೆಯಲ್ಲಿ ನಾನು ಎದ್ದು ನಿಂತು, ಆ ಕಂಬಕ್ಕೊಂದು ದೀಪ ಹಾಕಿಸಿ ಅಂತ ಕೇಳಿದೆ. ಅಧಿಕಾರಿಗಳು ಸಿಟ್ಟಾಗಲಿಲ್ಲ. ನಗುನಗುತ್ತಲೇ ಪುಸ್ತಕ ತಿರುವಿ ಹೇಳಿದರು: 'ನಿಮ್ಮ ಇಪ್ಪತ್ತೈದು ಪರ್ಸೆಂಟ್ ಮುಗಿದುಹೋಯ್ತಲ್ಲಪ್ಪ. ಮುಂದಿನ ವರ್ಷದ ಕ್ರಿಯಾ ಯೋಜನೆಗೆ ಸೇರಿಸೋಣ ಬಿಡು.'

ಸಭೆಯಲ್ಲಿ ಯಾರಿಗೂ ಆ ಮಾತು ತಪ್ಪು ಅನ್ನಿಸಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಅನ್ನಿಸಲಿಲ್ಲ. ಮುಗಿದ ಮೇಲೆ ಇನ್ನೇನು ಅಂತ ಕೂತುಬಿಟ್ಟೆ. ಮನೆಗೆ ಬಂದು ಹೇಳಿದಾಗ, ಹೆಬ್ಬೆಟ್ಟು ಒತ್ತುವ ನನ್ನವ್ವ ಮುದ್ದೆ ಕಟ್ಟುತ್ತಾ ಕೇಳಿದಳು: 'ನಮ್ದು ನಾಲ್ಕಾಣೆ ಮುಗೀತು ಅಂದ್ರಲ್ಲ, ಮಿಕ್ಕ ಹನ್ನೆರಡಾಣೆ ಯಾರ್ದು ಮಗ?'

ನಮ್ಮ ಮನೆತನದಲ್ಲಿ ಮೊದಲು ಪದವಿ ಕಂಡವನು ನಾನು. ನನಗೆ ಉತ್ತರ ಹೊಳೆಯಲಿಲ್ಲ. ಅವ್ವನ ಆ ಪ್ರಶ್ನೆಯನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಈ ನಾಲ್ಕಾಣೆಯ ಕತೆ. ಗ್ರಾಮ ಪಂಚಾಯ್ತಿ ತನ್ನ ಸ್ವಂತ ವರಮಾನದಲ್ಲಿ, ಅಂದರೆ ಮನೆ ಕಂದಾಯ, ನೀರಿನ ಕಂದಾಯ, ಅಂಗಡಿ ಬಾಡಿಗೆ, ಸಂತೆ ಹರಾಜು ಇವುಗಳಿಂದ ಬಂದದ್ದರಲ್ಲಿ, ಸುಮಾರು ಕಾಲುಭಾಗವನ್ನು ಪರಿಶಿಷ್ಟ ಜಾತಿ ಪಂಗಡಗಳಿಗೆ ಖರ್ಚು ಮಾಡಬೇಕು. ರಾಜ್ಯದ ಮಟ್ಟದಲ್ಲೂ ಇಂಥದೇ ಒಂದು ಲೆಕ್ಕವಿದೆ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯವರು ಶೇಕಡ 17.15, ಪಂಗಡದವರು ಶೇಕಡ 6.95. ಎರಡೂ ಸೇರಿ 24.10. ಅಷ್ಟು ಪಾಲು ಯೋಜನೆಯ ಹಣ ಇವರಿಗೆ ಸಲ್ಲಬೇಕು ಅಂತ 2013ರಲ್ಲಿ ಕಾಯ್ದೆಯೇ ಆಯಿತು. ಹೀಗೆ ಬರೆದಿಟ್ಟದ್ದು ಯಾಕೆ? ಬರೆಯದೆ ಬಿಟ್ಟರೆ ಕೇರಿಗೆ ಮೂರು ಕಾಸೂ ಬರುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಇಷ್ಟಕ್ಕಿಂತ ಕಡಿಮೆಯಾಗಬಾರದು ಎಂಬುದು ಅದರ ಅರ್ಥ. ಆದರೆ ಊರು ಅದನ್ನು ಇಷ್ಟಕ್ಕಿಂತ ಹೆಚ್ಚಾಗಬಾರದು ಅಂತ ಓದಿಕೊಂಡಿದೆ. ಬೀದಿದೀಪ ಹಾಕುವುದು ಪಂಚಾಯ್ತಿಯ ಸಾಮಾನ್ಯ ಕೆಲಸ. ಊರಿನ ಬೀದಿಗೆ ಅದು ಸಾಮಾನ್ಯ ಕೆಲಸವಾಗಿಯೇ ಉಳಿದಿದೆ, ಕೇರಿಯ ತಿರುವಿಗೆ ಬರುತ್ತಲೂ 'ದಲಿತರ ಕಲ್ಯಾಣ' ಆಗಿಬಿಡುತ್ತದೆ.

ಚಾವಡಿ ಕಟ್ಟೆಯ ಮೇಲೆ ಇದಕ್ಕೊಂದು ಸಮರ್ಥನೆ ಇದೆ. 'ಕಂದಾಯ ಕಟ್ಟೋರು ನಾವು. ನಿಮ್ಮ ಕೇರಿಯಿಂದ ಎಷ್ಟು ಬರುತ್ತೆ? ಬಂದದ್ದಕ್ಕಿಂತ ಜಾಸ್ತಿಯೇ ಕೊಡ್ತಿದೀವಲ್ಲ.' ಈ ಮಾತನ್ನು ಬೈದು ತಳ್ಳಿಹಾಕಿದರೆ ಸಾಲದು, ಉತ್ತರ ಕೊಡಬೇಕು. ಪಂಚಾಯ್ತಿಗೆ ಬರುವ ಹಣದಲ್ಲಿ ಮನೆ ಕಂದಾಯದ ಪಾಲು ಎಷ್ಟು? ಹಣಕಾಸು ಆಯೋಗದ ಅನುದಾನ ಬರುತ್ತದೆ. 2021ರಿಂದ 2026ರವರೆಗಿನ ಐದು ವರ್ಷಕ್ಕೆ 15ನೇ ಹಣಕಾಸು ಆಯೋಗ ಹಳ್ಳಿಗಳಿಗೆ ಕೊಟ್ಟ ಅನುದಾನದಲ್ಲಿ ಶೇಕಡ 60ನ್ನು ಕುಡಿಯುವ ನೀರಿಗೆ, ನೈರ್ಮಲ್ಯಕ್ಕೆ ಅಂತಲೇ ಕಟ್ಟಿಟ್ಟಿತ್ತು. ಅದು ಯಾವ ಗೌಡರ ಮನೆ ಕಂದಾಯವೂ ಅಲ್ಲ. ಸೋಪು, ಬೆಂಕಿಪೊಟ್ಟಣ, ಬೀಡಿಕಟ್ಟು ಕೊಂಡಾಗಲೆಲ್ಲ ನನ್ನವ್ವನೂ ನನ್ನಪ್ಪನೂ ತೆರಿಗೆ ಕಟ್ಟಿದ್ದಾರೆ. ರಸೀದಿ ಮಾತ್ರ ಅವರ ಹೆಸರಿಗಿಲ್ಲ. ಇನ್ನು ಊರ ಚರಂಡಿ ಬಳಿಯುವವರು ಯಾವ ಕೇರಿಯವರು? ಆ ದುಡಿಮೆಯನ್ನು ಯಾವ ಡಿಮ್ಯಾಂಡ್ ಪುಸ್ತಕದಲ್ಲಿ ಬರೆದಿದ್ದಾರೆ?

ಆದರೆ ನಾವೂ ಅಷ್ಟೇ ಕಟ್ಟಿದ್ದೇವೆ ಅಂತ ವಾದಿಸುವುದಕ್ಕೇ ನನಗೆ ಹಿಂಜರಿಕೆ. ಕಟ್ಟಿದಷ್ಟು ಪಡೆಯುವುದು ಅಂಗಡಿಯ ವ್ಯವಹಾರ. ಪಂಚಾಯ್ತಿ ಅಂಗಡಿಯಲ್ಲ. ಹತ್ತು ಪೈಸೆ ಕಂದಾಯ ಕಟ್ಟಲಾರದ ಮುದುಕಿಗೂ ನೀರು ಬೇಕು. ಸಾರ್ವಜನಿಕ ಹಣದ ಮೇಲಿನ ಹಕ್ಕು ಹುಟ್ಟುವುದು ಅವಳು ಆ ಊರಿನ ಮನುಷ್ಯಳು ಅನ್ನುವುದರಿಂದ, ಅವಳ ರಸೀದಿಯಿಂದಲ್ಲ.

ಇದು ನಾನು ಹೊಸದಾಗಿ ಹೇಳುತ್ತಿರುವ ಮಾತಲ್ಲ. 1923ರಲ್ಲಿ ಮುಂಬಯಿ ಶಾಸನ ಸಭೆಯಲ್ಲಿ ಎಸ್.ಕೆ. ಬೋಲೆಯವರ ನಿರ್ಣಯ ಪಾಸಾಯಿತು: ಸಾರ್ವಜನಿಕ ಹಣದಿಂದ ಕಟ್ಟಿದ, ನಡೆಸುವ ಕೆರೆ ಬಾವಿ ಧರ್ಮಶಾಲೆಗಳನ್ನು ಅಸ್ಪೃಶ್ಯರೂ ಬಳಸಬಹುದು. ಧಾರವಾಡ, ಬೆಳಗಾವಿ, ವಿಜಾಪುರಗಳೂ ಆಗ ಅದೇ ಪ್ರಾಂತ್ಯದಲ್ಲಿದ್ದವು. ಮಹಾಡದ ಪುರಸಭೆ 1924ರಲ್ಲಿ ಚೌದಾರ್ ಕೆರೆಯನ್ನು ಕಾಗದದ ಮೇಲೆ ಎಲ್ಲರಿಗೂ ತೆರೆಯಿತು. ಕಾಗದವನ್ನು ನಂಬಿ ಬಾಬಾಸಾಹೇಬರು ಸಾವಿರಾರು ಜನರೊಂದಿಗೆ 1927ರ ಮಾರ್ಚ್ 20ರಂದು ಆ ನೀರು ಮುಟ್ಟಿದರು. ಏಟು ಬಿದ್ದವು. ಅದೇ ಪುರಸಭೆ ಅದೇ ವರ್ಷ ತನ್ನ ನಿರ್ಣಯವನ್ನು ವಾಪಸ್ಸು ಪಡೆಯಿತು. ಸವರ್ಣರು ಕೋರ್ಟಿಗೆ ಹೋಗಿ, ಕೆರೆ ಸಾರ್ವಜನಿಕರದ್ದೇ ಅಲ್ಲ, ಖಾಸಗಿ ಅಂದರು. ಅದು ಸುಳ್ಳೆಂದು ಮುಂಬಯಿ ಹೈಕೋರ್ಟು ಹೇಳಲು 1937 ಆಗಬೇಕಾಯಿತು. ಒಂದು ಬೊಗಸೆ ನೀರಿಗೆ ಹತ್ತು ವರ್ಷ!

ಅಂದು ಕೆರೆ ಖಾಸಗಿ ಅಂದರು. ಇಂದು ಹಾಗನ್ನಲು ಆಗುವುದಿಲ್ಲ. ಅದಕ್ಕೇ 'ನಿಮ್ಮ ಬಾಬ್ತು ಬೇರೆ' ಅನ್ನುತ್ತಾರೆ. ಊರು ಬೇರೆ, ಕೇರಿ ಬೇರೆ ಎಂಬ ಹಳೆಯ ಗೆರೆ ಈಗ ಲೆಕ್ಕದ ಪುಸ್ತಕದೊಳಗೂ ಎಳೆದುಕೊಂಡಿದೆ.

ತಮಾಷೆ ಏನೆಂದರೆ, ಈ ಗೆರೆ ಒಂದೇ ಕಡೆಯಿಂದ ದಾಟಲು ಬರುತ್ತದೆ. 2013ರ ಕಾಯ್ದೆಯಲ್ಲಿ 7(ಡಿ) ಅಂತ ಒಂದು ಕಲಮಿತ್ತು. ದೊಡ್ಡ ಕಾಮಗಾರಿಯೊಂದನ್ನು ಎಲ್ಲರಿಗಾಗಿ ಮಾಡಿ, ಅದರ ಒಂದು ಪಾಲನ್ನು ದಲಿತರಿಗಾಗಿ ಮಾಡಿದ ಖರ್ಚೆಂದು ಭಾವಿಸಿಕೊಳ್ಳಬಹುದಿತ್ತು. ರಸ್ತೆಯಲ್ಲಿ ನೀವೂ ಓಡಾಡ್ತೀರಲ್ಲ ಎಂಬ ವಾದ. ನೋಡಿ: ನಮ್ಮ ಪಾಲು ತೆಗೆಯುವಾಗ 'ಎಲ್ಲರದ್ದೂ ನಿಮ್ಮದೇ', ನಾವು ಎಲ್ಲರ ಪಾಲಿನಿಂದ ಒಂದು ದೀಪ ಕೇಳಿದರೆ 'ನಿಮ್ಮದು ಬೇರೆ'. ಎರಡೂ ನಾಲಿಗೆ ಒಂದೇ ಬಾಯಲ್ಲಿ. ಹೋರಾಟದ ಒತ್ತಾಯದ ಮೇಲೆ 2023ರಲ್ಲಿ ಆ ಕಲಮನ್ನು ತೆಗೆದರು, ಒಳ್ಳೆಯದೇ. ಆದರೆ ಅದೇ 2023-24ನೇ ಸಾಲಿನಲ್ಲಿ ಗ್ಯಾರಂಟಿ ಯೋಜನೆಗಳಿಗೆ ಈ ಉಪಯೋಜನೆಯ ಹಣದಿಂದ 11 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ನಿಗದಿ ಮಾಡಿದರು. ದಲಿತ ಫಲಾನುಭವಿಗಳಿಗೇ ಅದು ಹೋಗುತ್ತದಲ್ಲ ಅಂತ ಸರ್ಕಾರದ ಸಮರ್ಥನೆ. ಗೃಹಲಕ್ಷ್ಮಿಯ ಎರಡು ಸಾವಿರ ನನ್ನವ್ವನ ಕೈಗೂ ಬಂದಿದೆ, ನಮ್ಮ ಒಲೆ ಉರಿದಿದೆ, ಅದನ್ನು ಮರೆಯಲಾರೆ. ನನ್ನ ಪ್ರಶ್ನೆ ಬೇರೆ. ಆ ಯೋಜನೆ ಊರು ಕೇರಿ ಎನ್ನದೆ ಮನೆಯ ಯಜಮಾನಿಯರಿಗೆ ಹಕ್ಕಾಗಿ ಬಂದದ್ದು. ಹಾಗಿದ್ದ ಮೇಲೆ ಊರಿನ ಹೆಂಗಸಿಗೆ ಹನ್ನೆರಡಾಣೆಯಿಂದ, ನನ್ನವ್ವನಿಗೆ ನಾಲ್ಕಾಣೆಯಿಂದ ಯಾಕೆ? ನಮ್ಮೂರ ಕಂಬದ ನ್ಯಾಯವೇ ವಿಧಾನಸೌಧದಲ್ಲೂ ನಡೆಯಿತು.

ಉಳಿದ ನಾಲ್ಕಾಣೆಯಾದರೂ ಏನಾಗುತ್ತದೆ? ಸಿಮೆಂಟಾಗುತ್ತದೆ. ನಮ್ಮ ಕೇರಿಯಲ್ಲಿ ಸಿಮೆಂಟು ರಸ್ತೆಯ ಮೇಲೆ ಸಿಮೆಂಟು ರಸ್ತೆ ಆಗಿ ಈಗ ಮನೆಯ ಹೊಸ್ತಿಲು ತಗ್ಗಿನಲ್ಲಿದೆ, ಮಳೆ ಬಂದರೆ ನೀರು ಒಳಕ್ಕೆ. ಬಿಲ್ಲಾಗುವುದು ರಸ್ತೆಗೆ. ಹಾಸಿಗೆ ಹಿಡಿದ ಮುದುಕನನ್ನು ನೋಡಿಕೊಳ್ಳುವುದಕ್ಕೆ, ಹುಡುಗರು ಕೂತು ಓದುವ ಒಂದು ಕೋಣೆಗೆ, ಹೆಣ ಹೂಳುವ ಮೂರು ಮೊಳ ನೆಲಕ್ಕೆ ಬಿಲ್ಲಾಗುವುದಿಲ್ಲ. ಅಂಗನವಾಡಿ 1975ರಲ್ಲಿ ನಮ್ಮ ರಾಜ್ಯದಲ್ಲಿ ಮೊದಲು ಟಿ. ನರಸೀಪುರದಲ್ಲಿ ಶುರುವಾಯಿತು. ಐವತ್ತು ವರ್ಷವಾದರೂ ಎಷ್ಟೋ ಕಡೆ ಪ್ರಶ್ನೆ ಅದೇ: ಕಟ್ಟಡ ಊರೊಳಗೋ ಕೇರಿಯಲ್ಲೋ? ಅಡುಗೆ ಮಾಡುವವಳು ಯಾರು? ಸೇವೆ ಅಂದರೆ ಮನುಷ್ಯ ಮನುಷ್ಯನನ್ನು ಮುಟ್ಟುವ ಕೆಲಸ. ಮುಟ್ಟಲೊಲ್ಲದ ಸಮಾಜ ಸಿಮೆಂಟು ಸುರಿದು ಕೈ ತೊಳೆದುಕೊಳ್ಳುತ್ತದೆ.

ಹಾಗಾದರೆ ಈ ನಾಲ್ಕಾಣೆಯೇ ಬೇಡವೇ? ಬೇಕು. ಅದನ್ನು ಬಿಟ್ಟರೆ ಇರುವುದೂ ಹೋಗುತ್ತದೆ. ಹಳ್ಳಿಯ ಕೈಗೆ ಅಧಿಕಾರ ಕೊಡುವ ಮಾತು ಬಂದಾಗ, 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಆ ಹಳ್ಳಿಯನ್ನು ನಂಬಲಿಲ್ಲ. ಅವರ ಅಂಜಿಕೆ ಸುಳ್ಳಾಗಲಿಲ್ಲ. ತಮಿಳುನಾಡಿನ ಮೇಲವಳವು ಎಂಬಲ್ಲಿ ಪಂಚಾಯ್ತಿ ಅಧ್ಯಕ್ಷ ಸ್ಥಾನ ದಲಿತರಿಗೆ ಮೀಸಲಾಯಿತು. ಗೆದ್ದು ಅಧ್ಯಕ್ಷರಾದ ಮುರುಗೇಶನ್‌ರನ್ನೂ ಅವರ ಜೊತೆಯ ಐದು ಮಂದಿಯನ್ನೂ 1997ರ ಜೂನ್ 30ರಂದು ಕಡಿದು ಹಾಕಿದರು. ಕೇರಿಗೆ ನಾಲ್ಕಾಣೆ ಕೊಡಲು ಊರು ಗೊಣಗಿಕೊಂಡಾದರೂ ಒಪ್ಪುತ್ತದೆ. ಹದಿನಾರಾಣೆಯ ಚೆಕ್ಕಿಗೆ ಸಹಿ ಹಾಕುವ ಕೈ ಕೇರಿಯದ್ದಾದರೆ ಒಪ್ಪುವುದಿಲ್ಲ.

ಇಷ್ಟೆಲ್ಲ ಊರಿಗೆ ಹೇಳಿದ ಮೇಲೆ ನನ್ನ ತಪ್ಪನ್ನೂ ಹೇಳಬೇಕು. ಅದೇ ಗ್ರಾಮಸಭೆಯಲ್ಲಿ ಊರ ಕೊನೆಯ ಮಡಿವಾಳರ ಅಜ್ಜಿಯೊಬ್ಬಳು ನಿಂತಿತ್ತು. ಪೆನ್ಷನ್ ನಿಂತು ಎಷ್ಟೋ ತಿಂಗಳಾಯ್ತು ಅಂತ ಕೈಮುಗಿದು ಹೇಳುತ್ತಿತ್ತು. ಯಾರೂ ಕೇಳಿಸಿಕೊಳ್ಳಲಿಲ್ಲ. ನನ್ನ ಜೇಬಿನಲ್ಲಿ ಕೇರಿಯ ಪಟ್ಟಿ ಇತ್ತು, ಅಜ್ಜಿ ಆ ಪಟ್ಟಿಯಲ್ಲಿರಲಿಲ್ಲ. ಅದು ಊರಿನವರ ಸಮಾಚಾರ ಅಂತ ನಾನು ಬಾಯಿ ಬಿಡಲಿಲ್ಲ. ಅಧಿಕಾರಿ ಎಳೆದ ಗೆರೆಯನ್ನು ನಾನೂ ಒಪ್ಪಿಕೊಂಡಿದ್ದೆ. ಹನ್ನೆರಡಾಣೆಯೂ ನಮ್ಮದು ಅನ್ನುವುದಾದರೆ ಅದರ ಹೊಣೆಯೂ ನಮ್ಮದೇ. ಯಾರ ಮನೆ ನಲ್ಲಿಯಿಂದ ಅತಿ ದೂರವೋ, ಯಾರ ಮಗು ಅಂಗನವಾಡಿಯಿಂದ ಅತಿ ದೂರವೋ, ಮೊದಲ ದುಡ್ಡು ಅಲ್ಲಿಗೆ. ಈ ನ್ಯಾಯವನ್ನು ನಾವು ಕೇಳುವಾಗ ಆ ಅಜ್ಜಿಯನ್ನು ಬಿಟ್ಟು ಕೇಳಿದರೆ, ನಾವು ಕೇಳಿದ್ದು ನ್ಯಾಯವಾಗದು, ಬರೀ ಪಾಲಾಗುತ್ತದೆ.

ಗೆಳೆಯರೇ, ವರ್ಷಕ್ಕೊಮ್ಮೆ ಪಂಚಾಯ್ತಿಯಲ್ಲಿ ಜಮಾಬಂದಿ ನಡೆಯುತ್ತದೆ. ಲೆಕ್ಕದ ಪುಸ್ತಕ ಜನರ ಮುಂದೆ ತೆರೆಯಲೇಬೇಕು. ಕೇರಿಯ ಮೇಷ್ಟ್ರುಗಳು, ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರು ಅಲ್ಲಿಗೆ ಹೋಗಬೇಕು. 'ನಮ್ಮ ಪರ್ಸೆಂಟೇಜ್ ಪುಟ ತೋರಿಸಿ' ಅನ್ನಬೇಡಿ. ಮೊದಲ ಪುಟದಿಂದ ಓದಿಸಿ, ಗಟ್ಟಿಯಾಗಿ, ಹೆಬ್ಬೆಟ್ಟಿನವರಿಗೂ ಕೇಳುವ ಹಾಗೆ. ಯಾವ ಬೀದಿಗೆ ಎಷ್ಟು, ಯಾವ ಮನೆಗೆ ಏನು, ಯಾರಿಗೆ ಏನೂ ಇಲ್ಲ.

ಕಂಬ ಇನ್ನೂ ಕತ್ತಲಲ್ಲೇ ಇದೆ. ಮುಂದಿನ ವಾರ್ಡ್ ಸಭೆಗೆ ನಾನು ಅವ್ವನನ್ನೂ ಮಡಿವಾಳರ ಅಜ್ಜಿಯನ್ನೂ ಕರೆದುಕೊಂಡು ಹೋಗುತ್ತೇನೆ. ಅವ್ವ ಅವತ್ತು ಒಲೆಯ ಮುಂದೆ ಕೇಳಿದ್ದನ್ನು ಅಲ್ಲಿ, ಎಲ್ಲರ ಎದುರಿಗೆ ಕೇಳಲಿ.