ನಾಚಿಕೆಯ ಹೆಸರಲ್ಲಿ ಬಚ್ಚಿಟ್ಟ ಗಾಯ



ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಇಂತಹ ವಿಷಯವೇಕೆಂದು ನಿಮಗೆ ಅನಿಸಬಹುದು. ಆದರೆ ನಾವು ಬಾಯಿ ಮುಚ್ಚಿಕೊಂಡಿರುವುದರಿಂದಲೇ ನಮ್ಮ ಮಕ್ಕಳು ಸಲ್ಲದ ಕಡೆಯಿಂದ ಕಲಿಯುತ್ತಿದ್ದಾರೆ.

ಒಂದು ರಾತ್ರಿ ಇಶಾ ನಮಾಝಿನ ಬಳಿಕ ಯುವಕನೊಬ್ಬ ಮಸೀದಿಯಲ್ಲೇ ಉಳಿದುಕೊಂಡ. ಅವನ ನಿಕಾಹ್‌ಗೆ ಎರಡು ತಿಂಗಳಿತ್ತು. "ಉಸ್ತಾದರೇ, ಈ ಮದುವೆ ಬೇಡವೆಂದು ನನ್ನ ತಂದೆಗೆ ನೀವೇ ಹೇಳಬೇಕು" ಎಂದ. ಬಹಳ ಹೊತ್ತಿನ ಬಳಿಕ ಕಾರಣ ಹೊರಬಂತು. ಪುರುಷಾಂಗವನ್ನು ದೊಡ್ಡದಾಗಿಸುವ ವ್ಯಾಯಾಮವೆಂದು ಮೊಬೈಲಿನಲ್ಲಿ ನೋಡಿ, ದಿನವೂ ಎಳೆದು ಹಿಂಡಿ, ನೋವನ್ನೂ ಮರಗಟ್ಟುವಿಕೆಯನ್ನೂ ತಂದುಕೊಂಡಿದ್ದ. ಮೂರು ವಾರ ಯಾರಿಗೂ ಹೇಳಿರಲಿಲ್ಲ. ಅವನಿಗೆ ಹೇಳಿದ್ದನ್ನೇ, ಅವನ ಒಪ್ಪಿಗೆ ಪಡೆದು ನಿಮಗೂ ಹೇಳುತ್ತಿದ್ದೇನೆ.

ಮನುಷ್ಯನನ್ನು ಅತ್ಯುತ್ತಮ ರೂಪದಲ್ಲಿ ಸೃಷ್ಟಿಸಿರುವುದಾಗಿ ಅಲ್ಲಾಹನು ತೀನ್ ಅಧ್ಯಾಯದಲ್ಲಿ ತಿಳಿಸಿದ್ದಾನೆ. ಈ ಶರೀರ ನಮ್ಮ ಸೊತ್ತಲ್ಲ, ಅವನ ಅಮಾನತ್ತು. ಅದರಲ್ಲಿ ಕೊರತೆಯಿದೆಯೆಂಬ ಭಯವನ್ನು ಬಿತ್ತುವವರು ಅದೇ ಭಯವನ್ನು ಮಾರಿ ಹೊಟ್ಟೆ ಹೊರೆಯುತ್ತಾರೆ. 2002ರಲ್ಲಿ ಪ್ರಕಟವಾದ ಇಟಲಿಯ ವೈದ್ಯರ ವರದಿಯೊಂದನ್ನು ನೋಡಿ. ತಮ್ಮ ಅಂಗ ಚಿಕ್ಕದೆಂದು ಕೊರಗಿ ಬಂದ 67 ಮಂದಿಯನ್ನು ಅವರು ಪರೀಕ್ಷಿಸಿದರು. ಎಲ್ಲರ ಅಳತೆಯೂ ಸಹಜ ಮಿತಿಯೊಳಗೇ ಇತ್ತು. ರೋಗವಿದ್ದುದು ಮನಸ್ಸಿನಲ್ಲಿ. ಕೈಯಿಂದ ಎಳೆದು ಹಿಂಡುವುದರಿಂದ ಅಂಗ ಬೆಳೆಯುತ್ತದೆ ಎಂಬುದಕ್ಕೆ ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ. ಆದರೆ ಸೂಕ್ಷ್ಮ ರಕ್ತನಾಳಗಳಿಗೆ ಪೆಟ್ಟಾಗುತ್ತದೆ. ಒಳಗೆ ಗಾಯದ ಗಂಟು ಕಟ್ಟಿ ಅಂಗ ಬಾಗಲೂಬಹುದು.

ಈಗಾಗಲೇ ಗಾಯ ಮಾಡಿಕೊಂಡವರು ಏನು ಮಾಡಬೇಕು? ಮೊದಲು ಆ ಕೆಲಸವನ್ನು ಪೂರ್ಣವಾಗಿ ನಿಲ್ಲಿಸಿ. 'ವಾಸಿಯಾಯಿತೇ' ಎಂದು ಪರೀಕ್ಷಿಸಿ ನೋಡುವುದೂ ಬೇಡ. ಸಣ್ಣ ಕಂದು, ಊತ ವಿಶ್ರಾಂತಿಯಿಂದ ಕೆಲವು ದಿನ ಅಥವಾ ವಾರಗಳಲ್ಲಿ ಇಳಿಯುತ್ತದೆ. ನೋವು ಉಳಿದರೆ, ಮರಗಟ್ಟಿದರೆ, ಗಂಟು ಕೈಗೆ ಸಿಕ್ಕರೆ, ಅಂಗ ಬಾಗಿದರೆ ಅಥವಾ ಶಕ್ತಿ ಕುಂದಿದರೆ ಮೂತ್ರರೋಗ ತಜ್ಞರ ಬಳಿಗೆ ಹೋಗಿ. ಉದ್ರೇಕದ ಸ್ಥಿತಿಯಲ್ಲಿ 'ಟಕ್' ಎಂದು ಶಬ್ದವಾಗಿ ಒಮ್ಮೆಲೇ ಊದಿಕೊಂಡರೆ ಅಂದೇ ಆಸ್ಪತ್ರೆಗೆ ಧಾವಿಸಬೇಕು. ಲಾಡ್ಜಿನಲ್ಲಿ ಕೋಣೆ ಹಿಡಿದು ಗೋಡೆಗೆ ಜಾಹೀರಾತು ಅಂಟಿಸುವವರ ಬಳಿಗಂತೂ ಹೋಗಬೇಡಿ.

"ವೈದ್ಯರಿಗೆ ಹೇಗೆ ತೋರಿಸಲಿ, ನಾಚಿಕೆಯಲ್ಲವೇ?" ಎಂದು ಆ ಯುವಕ ಕೇಳಿದ. ಲಜ್ಜೆಯು ಈಮಾನಿನ ಭಾಗ, ನಿಜ. ಹ. ಅಲಿ(ರ)ರವರಿಗೂ ಶುದ್ಧಿಗೆ ಸಂಬಂಧಿಸಿದ ಒಂದು ಗುಪ್ತ ಸಮಸ್ಯೆಯಿತ್ತು. ಪ್ರವಾದಿ(ಸ)ರವರ ಪುತ್ರಿ ತಮ್ಮ ಪತ್ನಿಯಾದ್ದರಿಂದ ಮಾವನಲ್ಲಿ ಕೇಳಲು ನಾಚಿದರು. ಹಾಗೆಂದು ಸುಮ್ಮನೆ ಕೂರಲಿಲ್ಲ; ಮಿಕ್ದಾದ್(ರ)ರವರ ಮೂಲಕ ಕೇಳಿಸಿ ಉತ್ತರ ಪಡೆದರು. ಲಜ್ಜೆ ದಾರಿಯನ್ನು ಬದಲಿಸಿತೇ ಹೊರತು ಬಾಗಿಲನ್ನು ಮುಚ್ಚಲಿಲ್ಲ. ಚಿಕಿತ್ಸೆಗೆ ಅಗತ್ಯವಿರುವಷ್ಟು ಔರತ್ತನ್ನು ವೈದ್ಯರಿಗೆ ತೋರಿಸಲು ಶರೀಅತ್ ಅನುಮತಿ ನೀಡಿದೆ.

ಇನ್ನು ನಿರಾಶೆಯ ಮಾತು. ಪತಿಗೆ ದಾಂಪತ್ಯ ಶಕ್ತಿಯಿಲ್ಲವೆಂದು ಪತ್ನಿ ದೂರಿದಾಗ ಅವನಿಗೆ ಒಂದು ವರ್ಷದ ಅವಧಿ ಕೊಡುವ ತೀರ್ಪು ಹ. ಉಮರ್(ರ)ರವರಿಂದ ವರದಿಯಾಗಿದೆ. ನಾಲ್ಕು ಋತುಗಳೂ ಕಳೆಯಲಿ, ವಾಸಿಯಾಗುವ ರೋಗವಾದರೆ ಅಷ್ಟರಲ್ಲಿ ವಾಸಿಯಾದೀತು ಎಂದು ಫಿಕ್‌ಹ್ ಪಂಡಿತರು ಅದರ ಕಾರಣ ವಿವರಿಸಿದ್ದಾರೆ. ನ್ಯಾಯಪೀಠವೇ ಒಂದು ವರ್ಷ ಕಾಯುವಾಗ ಮೂರು ವಾರಕ್ಕೇ ಎಲ್ಲ ಮುಗಿಯಿತೆನ್ನಲು ನೀವು ಯಾರು?

ಆದರೆ ಒಂದು ಎಚ್ಚರಿಕೆ. ವಾಸಿಯಾಗುವ ಗಾಯವನ್ನು ಊರಿಗೆಲ್ಲ ಸಾರಬೇಕಿಲ್ಲ. ದಾಂಪತ್ಯಕ್ಕೆ ಅಡ್ಡಿಯಾಗುವ ಊನ ಉಳಿದಿದೆಯೆಂದು ವೈದ್ಯರು ಹೇಳಿದರೆ ಮಾತ್ರ, ಅದನ್ನು ಬಚ್ಚಿಟ್ಟು ನಿಕಾಹ್ ಮಾಡಿಕೊಳ್ಳುವುದು ಒಬ್ಬ ಹೆಣ್ಣುಮಗಳಿಗೆ ಮಾಡುವ ವಂಚನೆ.

ಆ ಯುವಕನನ್ನು ತಜ್ಞರ ಬಳಿಗೆ ನಾನೇ ಕರೆದುಕೊಂಡು ಹೋದೆ. ನಿಕಾಹ್ ಮೂರು ತಿಂಗಳು ಮುಂದಕ್ಕೆ ಹೋಯಿತು, ಮುರಿಯಲಿಲ್ಲ. ತಂದೆಯಂದಿರೇ, ನಿಮ್ಮ ಮಗ ಕಾರಣ ಹೇಳದೆ ಮದುವೆ ಬೇಡವೆಂದರೆ ಗದರಬೇಡಿ. ಬಳಿ ಕುಳ್ಳಿರಿಸಿ ಕೇಳಿ.

ಅಲ್ಲಾಹನು ರೋಗಿಗಳಿಗೆ ಶಿಫಾ ನೀಡಲಿ, ಅವನು ಕೊಟ್ಟುದರಲ್ಲಿ ತೃಪ್ತರಾಗುವ ಮನಸ್ಸನ್ನು ನಮಗೆಲ್ಲ ಕರುಣಿಸಲಿ. ಆಮೀನ್.