ಕುರ್ಚಿಯಿಲ್ಲದವರು

ಸಮಿತಿಗಳನ್ನು ಹಾಸ್ಯ ಮಾಡುವುದು ನಮ್ಮ ವಿದ್ಯಾವಂತರ ಹಳೆಯ ಚಟ. ಕೆಲಸ ಆಗಬಾರದೆಂದಿದ್ದರೆ ಅದಕ್ಕೊಂದು ಸಮಿತಿ ನೇಮಿಸಿದರಾಯಿತು ಎಂಬ ಮಾತನ್ನು ಕೇಳದವರಾರು? ವಿಶ್ವವಿದ್ಯಾಲಯದ ಸಮಿತಿಗಳಲ್ಲಂತೂ ಸುರಕ್ಷತಾ ಸಮಿತಿಯಷ್ಟು ಬಡಪಾಯಿ ಇನ್ನೊಂದಿಲ್ಲ. ಪರೀಕ್ಷಾ ಮಂಡಲಿಗೆ ಭತ್ಯವುಂಟು, ನೇಮಕದ ಸಮಿತಿಗೆ ಅಧಿಕಾರವುಂಟು. ಇದರ ಪಾಲಿಗೆ ಉಳಿದದ್ದು ಸವೆದ ವಿದ್ಯುತ್ ತಂತಿ, ಕಟ್ಟಿಕೊಂಡ ಚರಂಡಿ, ಬೆಂಕಿ ನಂದಿಸುವ ಸಿಲಿಂಡರು. ಒಂದು ಕಾಲೇಜಿನಲ್ಲಿ ನಾನು ಕೆಲವು ವರ್ಷ ಇಂಥ ಸಮಿತಿಯ ಸದಸ್ಯನಾಗಿದ್ದವನು. ಆದುದರಿಂದ ಅದರ ಪರವಾಗಿ ಎರಡು ಮಾತು ಹೇಳುವ ಹಕ್ಕು ನನಗಿದೆಯೆಂದು ಭಾವಿಸಿದ್ದೇನೆ.

ತತ್ತ್ವಶಾಸ್ತ್ರ ಬೋಧಿಸುವ ನನ್ನ ಗೆಳೆಯರೊಬ್ಬರ ಆಕ್ಷೇಪ ಹಾಸ್ಯದ್ದಲ್ಲ, ನೀತಿಯದು. “ಹತ್ತು ಜನಕ್ಕೆ ಹಂಚಿದ ಹೊಣೆ ಯಾರ ಹೆಗಲಿಗೂ ಭಾರವಾಗುವುದಿಲ್ಲ. ಸಮಿತಿ ಇಲ್ಲದಿದ್ದರೆ ವಿಭಾಗದ ಮುಖ್ಯಸ್ಥನೊಬ್ಬನಾದರೂ ರಾತ್ರಿ ನಿದ್ದೆಗೆಡುತ್ತಿದ್ದ. ಈಗ ಹತ್ತು ಮಂದಿಯೂ ಸುಖವಾಗಿ ಮಲಗುತ್ತಾರೆ” ಎನ್ನುತ್ತಾರೆ ಅವರು. ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ನಿದ್ದೆಗೆಡುವ ಆ ಮುಖ್ಯಸ್ಥನಿಗೆ ಅಪಾಯ ಎಲ್ಲಿದೆಯೆಂದು ತಿಳಿದಿರಬೇಕಷ್ಟೆ? ಯಾವ ಆಮ್ಲದ ಸೀಸೆಯ ಬಿರಡೆ ಸಡಿಲವಾಗಿದೆ, ಯಾವ ಗೂಡಿನ ಫ್ಯಾನು ಸದ್ದು ಮಾಡುತ್ತದೆಯೇ ಹೊರತು ಹೊಗೆಯನ್ನೆಳೆಯುವುದಿಲ್ಲ, ಎಂಬುದು ಗಾಜಿನ ಪಾತ್ರೆ ತೊಳೆಯುವ ಅಟೆಂಡರಿಗೆ ಗೊತ್ತು. ಹಣ ಮಂಜೂರು ಮಾಡುವ ಕೈಗೆ ಗೊತ್ತಿಲ್ಲ. ತಿಳಿದವನಿಗೆ ಅಧಿಕಾರವಿಲ್ಲ, ಅಧಿಕಾರವಿದ್ದವನಿಗೆ ತಿಳಿವಿಲ್ಲ. ಇವರಿಬ್ಬರನ್ನು ಒಂದು ಮೇಜಿನ ಸುತ್ತ ಕೂರಿಸುವುದು ಹೊಣೆಯನ್ನು ಹಂಚುವುದಕ್ಕಲ್ಲ. ‘ನನಗೆ ತಿಳಿದಿರಲಿಲ್ಲ’ ಎಂಬ ನೆಪವನ್ನು ಕಸಿದುಕೊಳ್ಳುವುದಕ್ಕೆ.

ಕೆಲವು ದೇಶಗಳ ಕಾನೂನು ಇದನ್ನು ಕಂಡುಕೊಂಡಿದೆ. ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ ಸಾಮಾನ್ಯವಾಗಿ 20 ಮಂದಿ ದುಡಿಯುವ ಕಡೆ ಇಂಥ ಸಮಿತಿ ಇರಲೇಬೇಕು, ಅದು ವಿಶ್ವವಿದ್ಯಾಲಯವಾದರೂ ಸರಿ. ಸದಸ್ಯರಲ್ಲಿ ಕಡೆಯ ಪಕ್ಷ ಅರ್ಧದಷ್ಟು ಜನ ಮೇಲಧಿಕಾರವಿಲ್ಲದ ಕೆಲಸಗಾರರಾಗಿರಬೇಕು. ಅಧ್ಯಕ್ಷರೂ ಇಬ್ಬರು, ಅತ್ತಣವನೊಬ್ಬ, ಇತ್ತಣವನೊಬ್ಬ. ನಮ್ಮಲ್ಲಿಯೂ ಭೋಪಾಲದ ದುರಂತವಾದ ಮೇಲೆ, 1987ರಲ್ಲಿ, ಅಪಾಯಕರ ಕೆಲಸ ನಡೆಯುವ ಕಾರ್ಖಾನೆಗಳಿಗೆ ಎರಡೂ ಕಡೆಯ ಸಮಸಂಖ್ಯೆಯ ಸಮಿತಿಯನ್ನು ಫ್ಯಾಕ್ಟರಿ ಕಾಯಿದೆಗೆ ಸೇರಿಸಿದರು. ವಿದ್ಯಾಲಯ ಕಾರ್ಖಾನೆಯಲ್ಲವಷ್ಟೆ! ಜ್ಞಾನ ಹುಟ್ಟುವ ಸ್ಥಳದಲ್ಲಿ ಜನ ಸುಟ್ಟುಕೊಳ್ಳುವುದಿಲ್ಲವೆಂದು ನಾವು ಹೇಗೋ ನಂಬಿದ್ದೇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಶಾಲೆಯಲ್ಲಿ 2018ರ ಡಿಸೆಂಬರ್ 5ರಂದು ಸ್ಫೋಟವಾಗಿ ಒಬ್ಬ ಸಂಶೋಧಕ ಸತ್ತ ಸುದ್ದಿ ವಾಚಕರಿಗೆ ನೆನಪಿರಬಹುದು.

ತಿಳಿದರೆ ಸಾಕೆ? ಸಾಲದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯಲ್ಲಿ 2008ರ ಅಕ್ಟೋಬರಿನಲ್ಲಿ ಸುರಕ್ಷತೆಯ ತನಿಖೆದಾರರು ಒಂದು ರಸಾಯನ ಪ್ರಯೋಗಶಾಲೆಯನ್ನು ನೋಡಿ, ಕೆಲಸಗಾರರು ಲ್ಯಾಬ್ ಕೋಟು ತೊಡುವುದಿಲ್ಲವೆಂದು ಬರೆದರು. ಡಿಸೆಂಬರ್ 29ರಂದು ಅದೇ ಪ್ರಯೋಗಶಾಲೆಯಲ್ಲಿ, ಗಾಳಿ ಸೋಕಿದೊಡನೆ ಹೊತ್ತಿಕೊಳ್ಳುವ ದ್ರವವನ್ನು ಸಿರಿಂಜಿಗೆ ಎಳೆಯುತ್ತಿದ್ದ 23 ವರ್ಷದ ಸಹಾಯಕಿಯ ಉಡುಪಿಗೆ ಬೆಂಕಿ ಹತ್ತಿತು. ಕೋಟು ತೊಟ್ಟಿರಲಿಲ್ಲ. ಹದಿನೆಂಟು ದಿನ ನರಳಿ ತೀರಿಕೊಂಡಳು. ನೋಡಿದವರಿದ್ದರು, ಬರೆದವರಿದ್ದರು. ಬರೆದ ಕಾಗದಕ್ಕೆ ಬೆನ್ನುಹತ್ತಿ ಹೋಗುವವರಿರಲಿಲ್ಲ. ಇಲ್ಲಿ ಗೆಳೆಯರ ಆಕ್ಷೇಪಕ್ಕೆ ನಾನು ತಲೆಬಾಗುತ್ತೇನೆ. ಆದರೆ ಇದು ಹೊಣೆ ಹಂಚಿಹೋದದ್ದರ ಫಲವಲ್ಲ, ಹೊಣೆ ಕಾಗದದಲ್ಲೇ ಮುಗಿಯಿತೆಂದು ಬಗೆದದ್ದರ ಫಲ.

ನನ್ನನ್ನು ಹೆಚ್ಚು ಕಾಡುವುದು ದೆಹಲಿಯ ಪ್ರಸಂಗ. ಅಲ್ಲಿನ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಕೋಬಾಲ್ಟ್-60 ತುಂಬಿದ, ಕೆನಡಾದಿಂದ ತರಿಸಿದ ವಿಕಿರಣ ಯಂತ್ರವೊಂದಿತ್ತು. 1985ರಿಂದ ಅದನ್ನು ಯಾರೂ ಬಳಸಲಿಲ್ಲ. 2010ರ ಫೆಬ್ರವರಿಯಲ್ಲಿ ಗುಜರಿ ಸಾಮಾನಿನೊಡನೆ ಹರಾಜಾಯಿತು. ಮಾಯಾಪುರಿಯ ಗುಜರಿ ಅಂಗಡಿಗಳಲ್ಲಿ ಅದನ್ನು ಬಿಚ್ಚಿ ತುಂಡುಮಾಡಿದರು. ಏಪ್ರಿಲಿನ ಹೊತ್ತಿಗೆ ಹಲವರು ಆಸ್ಪತ್ರೆ ಸೇರಿದರು. ಒಬ್ಬ ಕೆಲಸಗಾರ ಸತ್ತ.

ಕೋಬಾಲ್ಟ್-60ರ ಶಕ್ತಿ ಸುಮಾರು ಐದೂಕಾಲು ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ಇಪ್ಪತ್ತೈದು ವರ್ಷ ಮೂಲೆಯಲ್ಲಿ ಬಿದ್ದಿದ್ದರಿಂದ ಸುಮಾರು ಇಪ್ಪತ್ತೇಳರಲ್ಲೊಂದು ಪಾಲು ಮಾತ್ರ ಉಳಿದಿದ್ದೀತು. ಒಂದು ಜೀವ ತೆಗೆಯಲು ಅಷ್ಟೇ ಸಾಕಾಯಿತು. ಲೋಹದ ನೆನಪು ಸಂಸ್ಥೆಯ ನೆನಪಿಗಿಂತ ದೀರ್ಘವಾಗಿತ್ತು. ಅಲ್ಲಿನ ಕುಲಪತಿಗಳು ನೈತಿಕ ಹೊಣೆಯನ್ನು ಒಪ್ಪಿಕೊಂಡರು. ಅದು ದೊಡ್ಡ ಮಾತೇ. ಆದರೂ ಸತ್ತವನು ಆ ವಿಶ್ವವಿದ್ಯಾಲಯದ ನೌಕರನಲ್ಲ, ವಿದ್ಯಾರ್ಥಿಯಲ್ಲ. ಬಹುಶಃ ಅದರ ಗೇಟು ದಾಟಿದವನೂ ಅಲ್ಲ. ಅರ್ಧ ಕುರ್ಚಿಗಳನ್ನು ಕೆಲಸಗಾರರಿಗೆ ಬಿಟ್ಟುಕೊಟ್ಟ ಎಂಥ ಧರ್ಮಿಷ್ಠ ಸಮಿತಿಯಲ್ಲಿಯೂ ಅವನಿಗೊಂದು ಕುರ್ಚಿ ಇರುತ್ತಿರಲಿಲ್ಲ.

ಬ್ರಿಟನ್ನಿನ 1974ರ ಕಾಯಿದೆ, ಮಾಲೀಕನ ಕರ್ತವ್ಯ ಅವನ ನೌಕರರಿಗಷ್ಟೇ ಅಲ್ಲ, ಅವನ ಕೆಲಸದಿಂದ ತೊಂದರೆಗೀಡಾಗಬಹುದಾದ ಹೊರಗಿನವರಿಗೂ ಸಲ್ಲತಕ್ಕದ್ದು ಎನ್ನುತ್ತದೆ. ಆದರೆ ಹೊರಗಿನವನ ಪರವಾಗಿ ಸಭೆಯಲ್ಲಿ ಬಾಯಿ ತೆರೆಯುವವರು ಯಾರು? “ಗುಜರಿಯವನಿಗೂ ಕುರ್ಚಿ ಹಾಕಬೇಕೆನ್ನುತ್ತೀರಾ?” ಎಂದು ಗೆಳೆಯರು ಕೇಳುತ್ತಾರೆ. ಹಾಕಿದರೂ ಅವನು ಬರಲಾರ. ಅವನು ಯಾರೆಂಬುದೇ ನಮಗೆ ತಿಳಿಯದು. ಕುಳಿತವರಲ್ಲೇ ಒಬ್ಬರು ಅವನ ಪ್ರಶ್ನೆಯನ್ನು ಕೇಳಬೇಕಾಗುತ್ತದೆ.

ನಮ್ಮ ಸಮಿತಿಯಲ್ಲಿ ಹಾಗೆ ಕೇಳಿದವರು ಒಬ್ಬ ಅಟೆಂಡರು. ಒಡೆದ ಥರ್ಮಾಮೀಟರುಗಳ ಪಾದರಸ ಎಲ್ಲಿಗೆ ಹೋಗುತ್ತದೆಂಬುದು ಅವರ ಪ್ರಶ್ನೆ. ಕಸದ ಡಬ್ಬಿಗೆ ಎಂದು ಯಾರೋ ಉತ್ತರ ಕೊಟ್ಟರು. “ಅದು ನನಗೂ ಗೊತ್ತು ಸಾರ್, ನಾನೇ ಹಾಕುವವನು. ಡಬ್ಬಿಯನ್ನು ಬರಿಗೈಯಲ್ಲಿ ತೋಡುವ ಹೆಂಗಸಿಗೆ ಗೊತ್ತೆ ಅಂತ ಕೇಳಿದೆ” ಎಂದರು. ಸಭೆ ಸ್ವಲ್ಪ ಹೊತ್ತು ಸುಮ್ಮನಾಯಿತು. ನಡವಳಿಯಲ್ಲಿ ಅದು ‘ಇತರ ವಿಷಯಗಳು’ ಎಂಬ ತಲೆಬರಹದ ಕೆಳಗೆ ಒಂದೂವರೆ ಸಾಲಾಗಿ ಸೇರಿತು. ಮುಂದಿನ ಸಭೆಯೊಳಗೆ, ಚೀಟಿ ಅಂಟಿಸಿದ ದಪ್ಪ ಗಾಜಿನ ಭರಣಿಯೊಂದು ಪ್ರಯೋಗಶಾಲೆಯ ಕಪಾಟಿಗೆ ಬಂದಿತ್ತು.