ಭಾನುವಾರದ ಬಟ್ಟೆ

ಭಾನುವಾರ ಪೂಜೆಗೆ ಹೊರಡುವ ಮುನ್ನ ನಿಮ್ಮ ಮನೆಯಲ್ಲಿ ಏನು ನಡೆಯುತ್ತದೆ? ಮಗಳ ತೋಳಿಲ್ಲದ ಅಂಗಿಗೆ ತಾಯಿಯ ಆಕ್ಷೇಪ, ಮಗನ ಮಾಸಿದ ಜೀನ್ಸಿಗೆ ತಂದೆಯ ಗದರಿಕೆ. ಹೀಗೆ ಗದರಿದವರೇ ದೇವಾಲಯದಲ್ಲಿ ಕುಳಿತು, ಯಾರ ಸೀರೆ ಹೊಸದು, ಯಾರ ಸರ ಎಷ್ಟು ಪವನಿನದು ಎಂದು ಅಳೆಯುತ್ತಾರೆ! ಉಡುಪು ನಮ್ಮ ಸ್ವಭಾವ ತೋರಿಸುತ್ತದೆ, ನಿಜ. ಇನ್ನೊಬ್ಬರ ಉಡುಪನ್ನು ನಾವು ನೋಡುವ ಬಗೆ ಅದಕ್ಕಿಂತ ಹೆಚ್ಚು ತೋರಿಸುತ್ತದೆ.

1992ರಲ್ಲಿ ಎರಡನೇ ಜಾನ್ ಪೌಲರು ಹೊರತಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ ಪ್ರಕಾರ, ಸಭ್ಯತೆ ದೇಹಕ್ಕೆ ಮಾತ್ರವಲ್ಲ, ಭಾವನೆಗಳಿಗೂ ಸೇರಿದ್ದು. ಅದರ ರೂಪ ನಾಡಿನಿಂದ ನಾಡಿಗೆ ಬೇರೆ. ಆದ್ದರಿಂದ ತೋಳಿನ ಉದ್ದಕ್ಕೆ ನಾನಿಲ್ಲಿ ಅಳತೆ ಕೊಡಲಾರೆ. (ಇಸ್ತ್ರಿ ಹಾಕಿದ ಬಿಳಿ ನಿಲುವಂಗಿಯೊಳಗೂ ಗರ್ವ ಅಡಗಿರಬಹುದು, ಗುರುಗಳಾದ ನಮಗೆ ಅದು ಗೊತ್ತು.)

ಸಂತ ಯಾಕೋಬರು ತಮ್ಮ ಪತ್ರದ ಎರಡನೆಯ ಅಧ್ಯಾಯದಲ್ಲಿ ಕೇಳುವುದು ಕಠಿಣ ಪ್ರಶ್ನೆ. ಚಿನ್ನದ ಉಂಗುರದವನಿಗೆ ಗೌರವದ ಆಸನ, ಕೊಳೆ ಬಟ್ಟೆಯ ಬಡವನಿಗೆ ಕಾಲ ಬಳಿ ನೆಲ, ಇದು ಪಕ್ಷಪಾತವಲ್ಲವೇ? ಹಬ್ಬಕ್ಕೆ ಹೊಸ ಸೀರೆ ಇಲ್ಲವೆಂದು ಪೂಜೆಗೇ ಬಾರದ ತಾಯಂದಿರು ನಮ್ಮ ನಡುವೆ ಇದ್ದಾರೆ. ಬಂದರೂ ಬಾಗಿಲ ಬಳಿಯೇ ನಿಂತು, ಪರಮಪ್ರಸಾದ ಸ್ವೀಕರಿಸಿದೊಡನೆ ಯಾರ ಕಣ್ಣಿಗೂ ಬೀಳದಂತೆ ಹೊರಟುಬಿಡುತ್ತಾರೆ. ಜ್ಞಾನಸ್ನಾನದ ದಿನ ಅವರಿಗೂ ನಿಮಗೂ ತೊಡಿಸಿದ್ದು ಬಿಳಿ ವಸ್ತ್ರವೇ. ಬರುವ ಭಾನುವಾರ ಅಂಥ ತಾಯಿಯೊಬ್ಬರು ಕಂಡರೆ ಬೆಂಚಿನಲ್ಲಿ ಸ್ವಲ್ಪ ಸರಿದು ಜಾಗ ಕೊಡಿ. ಪೂಜೆ ಮುಗಿದ ಮೇಲೆ ಮುಖ ನೋಡಿ ಮಾತನಾಡಿಸಿ, ಹೆಸರು ಕೇಳಿ.